ರಟ್ಟಿನ ಕೊಳವೆಯಲ್ಲಿ ಐದು ಸೋರೆಬೀಜ

ಇಪ್ಪತ್ತೆರಡು ವರ್ಷದ ಹಿಂದೆ, ಮುಳ್ಳೂರಿನ ತವರುಮನೆಯಲ್ಲಿ, ಮಹಾಲಕ್ಷ್ಮಮ್ಮ ಒಂದು ಮಾತು ಕೊಟ್ಟಿದ್ದಳು. ಅವಳ ಮಡಿಲಕ್ಕಿಗೆ ಅವ್ವ ಒಂದು ಹಿಡಿ ಸೋರೆಬೀಜ ಬೆರೆಸಿ, "ನಿನ್ ಮಗಳ ಮಡ್ಲಿಗೂ ಇದೇ ಬೀಜ ಆಕ್ಬೇಕು ಕನವ್ವ" ಅಂದಿದ್ದಳು.

"ಊಂ, ಆಕ್ತೀನಿ" ಅಂದಿದ್ದಳು ಇವಳು.

ಈಗ ಮಗಳು ದೀಪಳ ಮದುವೆ ಕಾರ್ತಿಕಕ್ಕೆ ಗೊತ್ತಾಗಿದೆ. ಆದರೆ ಬೀಜಕ್ಕೆಂದು ಬಿಟ್ಟಿದ್ದ ಸೋರೆಕಾಯಿ ಹೋದ ವರ್ಷದ ಮಳೆಯಲ್ಲಿ ಕೊಳೆತುಹೋಗಿತ್ತು. ಡಬ್ಬಿಯಲ್ಲಿ ಹಳೆಯ ಬೀಜ ಹದಿನೈದು ಉಳಿದಿದ್ದವು. ಐದನ್ನು ಹಿತ್ತಲಲ್ಲಿ ಊರಿದಳು. ಅವರದು ರಾಮಾಪುರದ ಕಡೆ ಕಾಡಂಚಿನ ಊರು. ನವಿಲು ಕೆದಕಿ ತಿಂದವು. ಇನ್ನೈದನ್ನು ತೂತು ಬಾಂಡ್ಲಿಯಲ್ಲಿ ಮೊಳೆಸಿ, ರಾಗಿ ಪೈರು ಕಿತ್ತು ನಾಟಿ ಮಾಡುವ ಹಾಗೆ ಕಿತ್ತು ನೆಟ್ಟಳು. ಸಂಜೆಯೊಳಗೆ ಎಲ್ಲವೂ ತಲೆ ಬಾಗಿಸಿ ಮಲಗಿದವು.

ಮಾರನೆಯ ದಿನ ಮಧ್ಯಾಹ್ನದ ಜೊಂಪಿನಲ್ಲಿ ಅವ್ವ ಕನಸಿಗೆ ಬಂದಳು. ಒಣಗಿದ ಸೋರೆಬುರುಡೆಯೊಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಒಳಗೆ ಬೀಜ ಗಲಗಲ ಅನ್ನಲಿಲ್ಲ. ಮಹಾಲಕ್ಷ್ಮಮ್ಮ ಎಚ್ಚೆತ್ತು ಡಬ್ಬಿ ತೆರೆದು ನೋಡಿದಳು. ಐದು ಇದ್ದವು.

ಪಕ್ಕದ ಮನೆಯ ಟೈಲರ್ ರಾಮಮ್ಮ ಕೊಳ್ಳೇಗಾಲದಿಂದ ಲೈನಿಂಗ್ ಬಟ್ಟೆ ತರುತ್ತಾಳೆ. ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಗಳು ಅವಳ ಮನೆಮೂಲೆಯಲ್ಲಿ ಬಿದ್ದಿರುತ್ತವೆ. ಸಸಿ ಸತ್ತ ಸುದ್ದಿ ಕೇಳಿ ಅವಳೇ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಅಕ್ಕಾ, ಈ ಐದ್ನೂ ನೆಲುಕ್ಕಾಕ್ಬ್ಯಾಡ. ಇದುರೊಳಿಕೆ ಆಕು."

ಜಗುಲಿಯಲ್ಲಿ ಕೂತಿದ್ದ ಗಂಡ ಬಿಳಿಗಿರಿ ನಕ್ಕ. "ರಟ್ಟಲ್ಲಿ ಸೋರೆ ಬೆಳಿತೀರಾ? ನಾಳೆ ಪೇಪರ್ ಆಕಿ ಎಮ್ಮೆ ಸಾಕ್ರವ್ವ!"

"ನೀ ಸುಮ್ಕಿರು ಬಾವಾ, ಎಮ್ಮೆ ನಿನ್ಗಿಂತ ಮಾತ್ ಕೇಳ್ತದೆ" ಅಂದಳು ರಾಮಮ್ಮ.

ಮಹಾಲಕ್ಷ್ಮಮ್ಮನಿಗೂ ನಂಬಿಕೆ ಇರಲಿಲ್ಲ. "ಅಲ್ಲ ಕನಮ್ಮಿ, ಊರಿಗೆಲ್ಲ ರಾಗಿ ನಾಟಿ ಮಾಡ್ದೋಳು ನಾನು. ನನ್ ಕೈಲಿ ಬದುಕ್ದೆ ಇದ್ದದ್ದು ರಟ್ಟಲ್ಲಿ ಬದುಕ್ತದಾ?"

"ಅದೇ ಅಕ್ಕ ನಿನ್ ತಪ್ಪು. ರಾಗಿ ಬೇರು ಕಿತ್ರೂ ಸೈಸ್ಕತ್ತದೆ. ಸೋರೆ, ಈರೆ, ಕುಂಬಳ ಅಂಗಲ್ಲ, ಬೇರು ಅಲ್ಲಾಡುದ್ರೆ ಸಾಕು, ಮುನಿಸ್ಕತ್ತವೆ. ಕೂಸ್ನ ಎಬ್ಬಿಸ್ದೆ ತೊಟ್ಲು ಸಮೇತ ಎತ್ಕಂಡೋಗ್ಬೇಕು."

ಕೊಳವೆಯ ಮೇಲಿದ್ದ ಪ್ಲಾಸ್ಟಿಕ್ ಟೇಪು ಕಿತ್ತು, ಅರ್ಧ ಗೇಣಿನ ಐದು ತುಂಡು ಮಾಡಿದರು. ರಟ್ಟು ದಪ್ಪ ಇದ್ದುದರಿಂದ, ಬೇರು ಹೊರಗೆ ಬರಲೆಂದು ರಾಮಮ್ಮ ಒಂದು ಬದಿಯನ್ನು ಮೇಲಿಂದ ಕೆಳಗೆ ಸೀಳಿ, ದಾರ ಸುತ್ತಿದಳು. ಅದೇ ತೂತು ಬಾಂಡ್ಲಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಸಮಸಮ ತುಂಬಿದರು. ರಾತ್ರಿಯಿಡೀ ನೆನೆದ ಬೀಜವನ್ನು ಬೆಳಿಗ್ಗೆ ಒಂದಕ್ಕೊಂದರಂತೆ ಊರಿ, ಜಗುಲಿಯ ಅರೆನೆರಳಲ್ಲಿ ಇಟ್ಟರು. ನೀರು ಸುರಿಯಲಿಲ್ಲ, ಕೈಯಲ್ಲಿ ಚಿಮುಕಿಸಿದರು. ಹೆಚ್ಚಾದರೆ ರಟ್ಟು ಬೂಸಲು ಹಿಡಿಯುತ್ತದೆ.

ಎಂಟನೆಯ ದಿನ ಮಬ್ಬು ಬೆಳಕಿನಲ್ಲಿ ದೀಪ ಕೂಗಿದಳು, "ಅವ್ವಾ, ಬಾ ಇಲ್ಲಿ!" ಮೂರು ಮೊಳಕೆಗಳು ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಟೋಪಿಯಂತೆ ಹೊತ್ತು ನಿಂತಿದ್ದವು. ಗಂಡ, ಹೆಂಡತಿ, ಮಗಳು ಮೂವರೂ ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕೈಯಲ್ಲಿದ್ದ ಕಾಫಿ ಆರಿದ್ದು ಬಿಳಿಗಿರಿಗೂ ತಿಳಿಯಲಿಲ್ಲ.

ಮೊಳಕೆಯ ನುಣುಪು ಎಲೆಗಳ ನಡುವೆ ಎರಡು ಒರಟು ಎಲೆ ಬಂದ ಮೇಲೆ, ಇಳಿಹೊತ್ತಿನಲ್ಲಿ, ದಾರ ಬಿಚ್ಚಿ ಕೊಳವೆ ಸಮೇತ ಹಿತ್ತಲಲ್ಲಿ ಹೂತರು. ರಟ್ಟಿನ ಅಂಚು ಹೊರಗೆ ಉಳಿದರೆ ಬೇರಿನ ತೇವ ಹೀರಿಬಿಡುತ್ತದೆ ಅಂತ ರಾಮಮ್ಮ ಅದನ್ನೂ ಮಣ್ಣಲ್ಲಿ ಮುಚ್ಚಿಸಿದಳು. ನವಿಲು ಬಾರದಂತೆ ಸುತ್ತ ಮುಳ್ಳು ನೆಟ್ಟವನು ಬಿಳಿಗಿರಿಯೇ.

ಬೆಳಿಗ್ಗೆ ಮೂರೂ ತಲೆ ಎತ್ತಿಯೇ ಇದ್ದವು. ಬಿಳಿಗಿರಿ ಸದ್ದಿಲ್ಲದೆ ಪಕ್ಕದ ಮನೆಗೆ ಹೋದ. "ರಾಮವ್ವಾ, ಇನ್ನೆರಡು ರಟ್ಟು ಅವಾ? ಈರೇನೂ ಆಕನ."

ಅಕ್ಕಂದಿರೇ, ಅಣ್ಣಂದಿರೇ, ಬಟ್ಟೆ ಅಂಗಡಿಯವರು, ಟೈಲರ್‌ಗಳು ಎಸೆಯುವ ಕೊಳವೆ ಕೇಳಿ ತನ್ನಿ. ಬಳ್ಳಿ ತರಕಾರಿಯ ಬೀಜವನ್ನು ಅದರಲ್ಲಿ ಮೊಳೆಸಿ, ಬೇರು ಕದಲಿಸದೆ ನೆಡಿ. ಒಂದು ಒಳ್ಳೆಯ ಕಾಯನ್ನು ಕೊಯ್ಯದೆ ಬಳ್ಳಿಯಲ್ಲೇ ಬಲಿಯಲು ಬಿಡಿ. ಮಳೆ ಹಿಡಿದರೆ ಒಳಗೆ ತಂದು ಒಣಗಿಸಿ. ಮನೆಯ ಬೀಜ ಒಮ್ಮೆ ಹೋದರೆ ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಾರ್ತಿಕದಲ್ಲಿ ದೀಪ ಗಂಡನ ಮನೆಗೆ ಹೊರಟಳು. ಅವಳ ಮಡಿಲಕ್ಕಿಯಲ್ಲಿ, ಆ ಬಳ್ಳಿಯಲ್ಲೇ ಬಲಿತು ಒಣಗಿದ ಕಾಯಿಯ ಒಂದು ಹಿಡಿ ಸೋರೆಬೀಜ ಇತ್ತು. ಮಹಾಲಕ್ಷ್ಮಮ್ಮ ಮಾತು ಉಳಿಸಿಕೊಂಡಳು.