ಹೊಳೆಯ ಈಚೆ ದಡದ ರಜೆ

ಜೀಪಿನ ಗೇರ್‌ಬಾಕ್ಸನ್ನು ಕಣ್ಣು ಮುಚ್ಚಿಕೊಂಡೇ ಬಿಚ್ಚಿ ಜೋಡಿಸಬಲ್ಲ ಬಾಳೂರು ಕಡೆಯ ಮೆಕ್ಯಾನಿಕ್ ಹಬೀಬುರ್ರಹ್ಮಾನ್‌ಗೆ ಆ ದಿನ ಮಗಳ ಶಾಲೆಯಲ್ಲಿ ರೇವತಿ ಟೀಚರ್ ಹೇಳಿದ್ದರ ತಲೆಬುಡ ತಿಳಿಯಲಿಲ್ಲ. ಹತ್ತನೇ ತರಗತಿಯ ಮಗಳು ನೌರೀನ್‌ಗೆ ಈ ಮಳೆಗಾಲದಲ್ಲಿ ಒಂಬತ್ತು ದಿನ ಗೈರುಹಾಜರಿಯಂತೆ, ಅದೂ ಕಾರಣವಿಲ್ಲದೆ!

"ಕಾರಣ ಇಲ್ದೆ ಹೇಗೆ ಮೇಡಂ? ಮಳೆ ರಜೆ ಅಂತ ಆರ್ಡರ್ ಬಂದ ದಿನ ಮಾತ್ರ ಮನೇಲಿ ಇಟ್ಕೊಂಡಿದ್ದು," ಎಂದು ಫೋನ್ ತೆಗೆದು ಒಂಬತ್ತು ಮೆಸೇಜುಗಳನ್ನೂ ತೋರಿಸಿದ. ಒಂದನ್ನೂ ಅಳಿಸಿರಲಿಲ್ಲ. ರೂಲ್ಸು ಅಂದರೆ ರೂಲ್ಸು ಅನ್ನುವ ಆಸಾಮಿ ಅವನು.

ಟೀಚರ್ ಒಂದೊಂದಾಗಿ ಓದಿದರು. "ಹಬೀಬ್ ಸಾಬ್ರೇ, ಇದು ಮೂಡಿಗೆರೆ ತಾಲ್ಲೂಕಿನ ರಜೆ. ನಮ್ಮ ಶಾಲೆ ಇರೋದು ಕಳಸ ತಾಲ್ಲೂಕಲ್ಲಿ. ಆ ದಿನಗಳಲ್ಲೆಲ್ಲ ಇಲ್ಲಿ ಪಾಠ ನಡೀತು."

"ಕಳಸ ಮೂಡಿಗೆರೆಗೇ ಸೇರಿದ್ದಲ್ವಾ?"

"ಅದು ಹಿಂದೆ. ಬೇರೆ ತಾಲ್ಲೂಕಾಗಿ ವರ್ಷಗಳಾಯ್ತು ಮಾರಾಯ್ರೆ."

ಅವನ ಮನೆ ಹೊಳೆಯ ಈಚೆ, ಶಾಲೆ ಆಚೆ. ನಡುವೆ ಒಂದು ತಗ್ಗು ಸೇತುವೆ. ಒಂದೇ ಮೋಡ, ಒಂದೇ ಮಳೆ, ರಜೆ ಮಾತ್ರ ಎರಡು! ಇದ್ಯಾವ ಸೀಮೆ ನ್ಯಾಯ? "ಶಾಲೆ ಇದೆ ಅನ್ಸುತ್ತೆ ಅಬ್ಬಾ," ಎಂದು ನೌರೀನ್ ಅಂದಾಗಲೆಲ್ಲ, "ಸರ್ಕಾರಕ್ಕಿಂತ ನಿಂಗೆ ಜಾಸ್ತಿ ಗೊತ್ತಾ?" ಎಂದು ಗದರಿಸಿ ಕೂರಿಸಿದವನು ತಾನೇ. ಅದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

"ಜೂನಲ್ಲಿ ಜ್ವರ ಅಂತ ಹತ್ತು ದಿನ ಬೇರೆ ಬಂದಿರ್ಲಿಲ್ಲ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ದಿದ್ರೆ ಪರೀಕ್ಷೆಗೆ ಕೂರಿಸಲ್ಲ. ಈಗ ಅಂಚಲ್ಲಿದ್ದಾಳೆ. ನಾಳೆಯೂ ತಪ್ಪಿದ್ರೆ ಹೆಸರು ಕೊರತೆ ಪಟ್ಟಿಗೆ ಹೋಗ್ತದೆ," ಎಂದರು ಟೀಚರ್.

ಮಾರನೆಯ ಬೆಳಿಗ್ಗೆ ಮತ್ತೆ ಮೆಸೇಜು. ಮೂಡಿಗೆರೆಗೆ ರಜೆ, ಕಳಸದ ಸುದ್ದಿಯೇ ಇಲ್ಲ. ಹಬೀಬ್ ಅದನ್ನು ಮೂರು ಸಲ ಓದಿ, ಮಗಳನ್ನು ಜೀಪು ಹತ್ತಿಸಿದ.

ಸೇತುವೆಯ ಮೇಲೆ ಮೊಣಕಾಲುದ್ದ ಕೆಂಪು ನೀರು ಹರಿಯುತ್ತಿತ್ತು. ಆಚೆ ದಡದ ಮೇಲೆಯೇ ಶಾಲೆ, ಗೇಟು ತೆರೆದಿತ್ತು.

"ನಿಧಾನ ಹೋದ್ರೆ ದಾಟ್ಬಹುದು ಅಬ್ಬಾ," ಎಂದಳು ನೌರೀನ್. ಸೀಟಿನ ಅಂಚನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹಬೀಬ್ ಗೇರು ಹಾಕಿದ, ತೆಗೆದ, ಮತ್ತೆ ಹಾಕಿದ. ರೂಲ್ಸು ನಂಬಿ ಮನೆಯಲ್ಲಿಟ್ಟುಕೊಂಡರೆ ತಪ್ಪು, ರೂಲ್ಸು ಬಿಟ್ಟು ಕರೆತಂದರೆ ಹೊಳೆ ಬಿಡದು. ಯಾರ ಮಾತು ಕೇಳಬೇಕೋ ಅವನಿಗೆ ತಿಳಿಯದಾಯಿತು. ಕೊನೆಗೆ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು ಫೋನ್ ಮಾಡಿದ.

"ಮೇಡಂ, ನಾವು ಸೇತುವೆ ಹತ್ರ ಇದ್ದೀವಿ. ಮಗಳು ಬಂದಿದ್ದಾಳೆ. ದಾಟ್ಸೋಕೆ ಧೈರ್ಯ ಇಲ್ಲ."

ಫೋನ್ ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ರೇವತಿ ಟೀಚರ್ ಕೊಡೆ ಹಿಡಿದು ಆಚೆ ದಡಕ್ಕೆ ಇಳಿದು ಬಂದರು. ಕಂಕುಳಲ್ಲಿ ಹಾಜರಿ ಪುಸ್ತಕವಿತ್ತು. ಬಾಯಿ ತೆರೆದು ಏನೋ ಕೂಗಿದರು. ಹೊಳೆಯ ಸದ್ದಿಗೆ ಕೇಳಲಿಲ್ಲ.

ನೌರೀನ್ ಮಳೆಯಲ್ಲೇ ಜೀಪಿನಿಂದ ಇಳಿದು, ತರಗತಿಯಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತು ಕೈ ಎತ್ತಿದಳು.

ಟೀಚರ್ ಪುಸ್ತಕ ತೆರೆದು ಏನೋ ಬರೆದರು.

"ಏನು ಬರೆದ್ರು ಅಬ್ಬಾ?"

ಹಬೀಬ್ ಕಣ್ಣು ಕಿರಿದು ಮಾಡಿ ನೋಡಿದ. ಹಾಜರೋ ಗೈರೋ, ಈ ದಡದಿಂದ ಕಾಣಲಿಲ್ಲ. "ಕೈ ಇಳಿಸ್ಬೇಡ ಮಗಾ," ಎಂದ, "ಅವ್ರು ಇನ್ನೂ ನೋಡ್ತಿದ್ದಾರೆ."