ಕೊನೆಯ ಸಾಲಿಗೂ ಕೇಳಿಸಬೇಕು

"ಕೆಟ್ಟರೆ ಏನ್ಮಾಡ್ತೀರಿ?" ಎಂದು ಅವನು ಕೇಳಿದ.

ಬೆಳಗಿನಿಂದ ಇದು ಮೈಕು ಬಾಡಿಗೆಗೆ ಕೊಡುವ ಎರಡನೆಯ ಕಂಪನಿ. ಮೊದಲನೆಯವರು ಬಣ್ಣದ ಪುಸ್ತಿಕೆ ಕೈಗಿಟ್ಟು, "ನಮ್ದು ಕೆಡೋದೇ ಇಲ್ಲ ಸಾರ್" ಎಂದಿದ್ದರು. ಹೋದ ವರ್ಷದವರೂ ಹಾಗೆಯೇ ಹೇಳಿದ್ದರು. ಆಫೀಸಿನ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಬಾಯಿ ತೆರೆದ ಕೂಡಲೇ ಮೈಕು ಸತ್ತಿತ್ತು. ವ್ಯವಸ್ಥೆಯ ಹೊಣೆ ಹೊತ್ತಿದ್ದ ಅವನು ವೇದಿಕೆಗೆ ಓಡಿ, ಎಂಟುನೂರು ಜನರ ಮುಂದೆ, ಆ ಸತ್ತ ಮೈಕಿಗೆ "ಹಲೋ, ಒನ್ ಟೂ ತ್ರೀ" ಎಂದು ಕೂಗಿದ್ದ. ಅಂದಿನಿಂದ ಆಫೀಸಿನಲ್ಲಿ ಅವನ ಹೆಸರೇ ಒನ್‌ಟೂತ್ರೀ. ಲಿಫ್ಟಿನಲ್ಲಿ ಗುಮಾಸ್ತರೂ ಮುಖ ತಿರುಗಿಸಿ ಕಿಸಕ್ಕೆನ್ನುತ್ತಿದ್ದರು.

"ಕೆಡುತ್ತೆ ಸಾರ್," ಎಂದ ಸೌಂಡ್‌ನವನು, ಸಭಾಂಗಣದ ಮೂಲೆಯಲ್ಲಿ ವೈರು ಸುತ್ತುತ್ತ. "ಅದಕ್ಕೇ ಎರಡು ಮೈಕ್ ಇಡ್ತೀವಿ. ಒಂದು ಹೋದ್ರೆ ಇನ್ನೊಂದು."

ಅವನಿಗೆ ಸಮಾಧಾನವಾಯಿತು. ಅದರ ಬೆನ್ನಿಗೇ ಮನೆಯ ನೆನಪಾಯಿತು.

ಬೆಳಿಗ್ಗೆ ಹೆಂಡತಿ ಚೀಲದ ಜಿಪ್ ಎಳೆಯುತ್ತ ಹೇಳಿದ್ದಳು: "ಅಕ್ಕನ ಮನೆಗೆ ಹೋಗ್ತಿದೀನಿ. ವಾಪಸ್ ಬರಲ್ಲ. ಮೂರು ಗಂಟೆಗೆ ಬಸ್ಸು. ಬೇಡ ಅನ್ನೋದಿದ್ರೆ ಅಷ್ಟರೊಳಗೆ ಒಂದು ಮಾತು ಹೇಳಿ."

"ಸೀಟು ಸಿಕ್ತಾ?" ಎಂದಿದ್ದ ಅವನು.

ಅವಳು ನಕ್ಕುಬಿಟ್ಟಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಪ್ಪ ಹೇಳುತ್ತಿದ್ದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಒಂದು ಮುತ್ತನ್ನೂ ಒಡೆದಿರಲಿಲ್ಲ.

ಸಭಾಂಗಣದ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷವಿತ್ತು. ಒಂದು ಫೋನ್ ಮಾಡಿ ಬಂದರಾಯಿತೆಂದು ಜೇಬಿಗೆ ಕೈಹಾಕಿದ.

"ಫೋನ್ ಆಫ್ ಮಾಡ್ಬಿಡಿ ಸಾರ್, ಮೈಕು ಗೊರಗೊರ ಅನ್ನುತ್ತೆ. ಟೆಸ್ಟಿಂಗ್ ಎರಡೇ ನಿಮಿಷ."

ಆಫ್ ಮಾಡಿದ. ಹೇಳಿದ ಹಾಗೆ ಕೇಳುವುದು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ವೇದಿಕೆ ಹತ್ತಿದ. ಎದುರಿಗೆ ಎಂಟುನೂರು ಖಾಲಿ ಕುರ್ಚಿಗಳು.

"ಹಲೋ, ಒನ್ ಟೂ..."

"ಅದು ಬೇಡ ಸಾರ್!" ಕೊನೆಯ ಸಾಲಿನ ಹಿಂದಿನಿಂದ ಸೌಂಡ್‌ನವನು ಕೂಗಿದ. "ಅಂಕಿ ಎಲ್ಲಾ ಮೈಕಲ್ಲೂ ಚೆನ್ನಾಗೇ ಕೇಳ್ಸುತ್ತೆ. ಮನೇಲಿ ಮಾತಾಡ್ತೀರಲ್ಲ, ಹಂಗೆ ಮಾತಾಡಿ."

ಮನೆಯಲ್ಲಿ ಮಾತಾಡುವ ಹಾಗೆ. ಗಡಿಯಾರದ ಮುಳ್ಳು ಮಾತ್ರ ನಡೆಯುತ್ತಿತ್ತು.

"ಏನೂ ಬರ್ತಿಲ್ಲ ಸಾರ್! ಮೈಕ್ ಆನ್ ಇದೆ."

"ಹೋಗ್ಬೇಡ," ಎಂದ.

ಮಾತು ಹಿಂದಿನ ಗೋಡೆಗೆ ಬಡಿದು, ಅವನಿಗಿಂತ ದೊಡ್ಡ ದನಿಯಲ್ಲಿ ವಾಪಸು ಬಂತು. ಇಷ್ಟು ಪ್ರೀತಿ ತನ್ನ ಗಂಟಲಲ್ಲಿತ್ತೇ ಎಂದು ಅವನು ಬೆಚ್ಚಿದ.

"ಸೂಪರ್ ಸಾರ್! ಕೊನೇ ಸಾಲಿಗೂ ಕೇಳಿಸ್ತು. ಈಗ ಎರಡನೇ ಮೈಕಲ್ಲಿ."

"ಹೋಗ್ಬೇಡ ಕಣೇ. ನಂಗೆ ಹೇಳೋಕೆ ಬರಲ್ಲ ಅಷ್ಟೇ."

"ನಾಟಕ ಮಾಡ್ತಿದ್ರಾ ಸಾರ್ ಕಾಲೇಜಲ್ಲಿ?" ಸೌಂಡ್‌ನವನು ನಗುತ್ತ ಗುಂಡಿ ಒತ್ತಿದ. "ಸಾಕು, ಆಫ್ ಮಾಡ್ದೆ. ಬನ್ನಿ, ಸಹಿ ಹಾಕಿ."

ಮೂರು ದಾಟಿ ಐದು ನಿಮಿಷವಾಗಿತ್ತು. ಅವನು ಮೈಕನ್ನು ಇನ್ನೂ ಬಾಯಿಗೆ ಹಿಡಿದೇ ಇದ್ದ. ತುಟಿ ಆಡುತ್ತಿರುವುದು ಅವನಿಗೇ ತಿಳಿಯುತ್ತಿತ್ತು, ದನಿ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಎಂಟುನೂರು ಕುರ್ಚಿಗಳೂ ಅವನತ್ತಲೇ ಮುಖ ಮಾಡಿ ಕಾಯುತ್ತಿದ್ದವು.