ಕರ್ಪೂರದ ಸಂಗಡ ಸುಟ್ಟ ಕಾಗದ

"ಹೊಂಟ್ಳು ನೋಡ್ರಲೇ ರಂಡಿ! ಕೋರ್ಟಿಗೆ ಹೊಂಟ್ಳು!"

ಟ್ರ್ಯಾಕ್ಟರ್ ಮೇಲಿಂದ ಕೂಗಿದವನು ಬೇರೆ ಯಾರೂ ಅಲ್ಲ, ಚಂದವ್ವನ ಸ್ವಂತ ಮೈದುನ ದೇವಪ್ಪ. ಟ್ರ್ಯಾಕ್ಟರ್ ಗೌಡರದು, ಡೀಸೆಲ್ ಗೌಡರದು, ಬಾಯಿ ಮಾತ್ರ ದೇವಪ್ಪನದು. ಅದೂ ಈಗೀಗ ಗೌಡರದೇ. ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದ ಅವಳ ಕೇರಿಯ ನಾಲ್ಕು ಹೆಂಗಸರು ಅವಳನ್ನು ಕಂಡದ್ದೇ ಎದ್ದು ಆ ಕಡೆ ಸರಿದರು. ಒಂದೇ ಬುತ್ತಿಯಲ್ಲಿ ರೊಟ್ಟಿ ಹರಿದುಕೊಂಡು ತಿಂದವರು. ಚಂದವ್ವ ಖಾಲಿ ಕಟ್ಟೆಯ ಮೇಲೆ ಒಬ್ಬಳೇ ಕೂತಳು.

ಆದದ್ದಿಷ್ಟು. ಪಂಚಾಯ್ತಿಯ ಸೀಟು ಆ ಸಲ ಚಂದವ್ವನ ಜಾತಿಯ ಹೆಂಗಸಿಗೆ ಮೀಸಲಾಯಿತು. ವಿಜಯಮಹಾಂತೇಶ ಗೌಡರು ದೇವಪ್ಪನ ಹೆಂಡತಿ ಜಯಶ್ರೀಯನ್ನು ನಿಲ್ಲಿಸಿದರು. ಕೇರಿಗೊಂದು ನಳ ಕೇಳಿ ಕೇಳಿ ಬೇಸತ್ತಿದ್ದ ಚಂದವ್ವ ಯಾರನ್ನೂ ಕೇಳದೆ ತಾನೂ ಅರ್ಜಿ ಹಾಕಿದಳು. ಗೌಡರು ಕರೆಸಿ ಅಂಗಳದಲ್ಲಿ ನಿಲ್ಲಿಸಿ, ಅಡಕೆ ಕತ್ತರಿಸುತ್ತಲೇ ಮಾತಾಡಿದರು.

"ಖುರ್ಚಿ ನಿಮ್ಮ ಓಣಿಗೆ ಕೊಟ್ಟದ್ದು ಸರಕಾರ. ಅದು ಯಾರ ಕುಂಡಿಗೆ ಅನ್ನೂದು ನಾ ಹೇಳ್ತೇನಿ. ಅರ್ಜಿ ಹಿಂದಕ್ಕ ತಗೋ."

"ತಗೊಳ್ಳಂಗಿಲ್ರಿ ಗೌಡ್ರ."

"ಆತು, ಹೋಗು. ನಿನ್ನ ಸೀರಿಗೆ ನಾ ಕೈ ಹಚ್ಚಂಗಿಲ್ಲ. ನಿಮ್ಮವ್ರ ಕೈಲೇ ಬಿಚ್ಚಸ್ತೇನಿ."

ಮತದಾನಕ್ಕೆ ಎರಡು ದಿನ ಇರುವಾಗ ಮನೆಮನೆಗೂ ಪಾಂಪ್ಲೆಟ್ ಬಂತು. ಹಂಚಿದವನು ದೇವಪ್ಪ. ಓದಲು ಬಾರದವರಿಗಾಗಿ ಚಹಾ ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಓದಿದವನೂ ಅವನೇ. ಮೂರು ಸಲ ಓದಿದ. ನಗೆ ಹೆಚ್ಚಿದಂತೆಲ್ಲ ರಾಗ ಎಳೆದ.

ಆ ಕಾಗದವನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಬೇಕಿತ್ತು ಎಂದು ಈಗ ಅವಳ ವಕೀಲರು ಹೇಳುತ್ತಾರೆ. ಅವಳು ಮಾಡಿದ್ದು ಅವಳ ಅವ್ವ, ಆಯಿ ಮಾಡುತ್ತ ಬಂದದ್ದು. ತಲೆ ಮೇಲೆ ಎರಡು ಕೊಡ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ದ್ಯಾಮವ್ವನ ಗುಡಿಗೆ ನಡೆದಳು. ಒಳಗೆ ಬಿಡುವುದಿಲ್ಲವಲ್ಲ, ಹೊರಗಿನ ಕಲ್ಲಿನ ಹತ್ತಿರ ನಿಂತು, ಅಂಗೈ ಮೇಲೆ ಆ ಕಾಗದ, ಕಾಗದದ ಮೇಲೆ ಕರ್ಪೂರ ಇಟ್ಟು ಹಚ್ಚಿದಳು.

"ಇದು ಖರೆ ಇದ್ರ ನನ್ನ ಕೈ ಉದರ್ಲಿ! ಸುಳ್ಳಿದ್ರ ಬರದವ್ರ ಕೈ ಉದರ್ಲಿ!"

ಯಾರ ಕೈಯೂ ಉದುರಲಿಲ್ಲ. ಅವಳ ಅಂಗೈ ಸುಟ್ಟಿತು, ಅಷ್ಟೇ. ಜಯಶ್ರೀಯ ಎದುರು ಏಳು ಮತಗಳಿಂದ ಸೋತಳು. ಎಣಿಕೆ ಮುಗಿದ ದಿನವೇ ಗೌಡರ ಆಳುಗಳು ಉಳಿದ ಪಾಂಪ್ಲೆಟ್‌ಗಳನ್ನು ಮನೆಮನೆಯಿಂದ ಬಳಿದುಕೊಂಡು ಹೋದರು. ಸುಳ್ಳು ಹಂಚಿ ಗೆದ್ದ ಆ ಚುನಾವಣೆ ರದ್ದಾಗಬೇಕೆಂದು ಚಂದವ್ವ ಕೋರ್ಟಿಗೆ ಅರ್ಜಿ ಹಾಕಿದಳು.

ಸೀಟು ಹೋದದ್ದು ಅವಳಿಗೆ ಅಷ್ಟು ಸಂಕಟವಲ್ಲ. ಬಿಬಿಜಾನಳ ಬಾಗಿಲು ಮುಚ್ಚಿದ್ದು ಸಂಕಟ. ವಾರಕ್ಕೆರಡು ದಿನ ಇಳಕಲ್ಲಿಗೆ ಹೋಗಿ, ನೇಕಾರ ನಾಸೀರನ ಮನೆಯಲ್ಲಿ ಅವನ ಹೆಂಡತಿ ಬಿಬಿಜಾನಳ ಎದುರು ಕೂತು, ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವುದು ಅವಳ ಕೂಲಿ. ಆರು ವರ್ಷ ಇಬ್ಬರೂ ಹಾಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಹೇಳಬಾರದ್ದನ್ನೆಲ್ಲ ಹೇಳಿಕೊಂಡು ನಕ್ಕಿದ್ದರು.

"ಬರಬ್ಯಾಡವಾ ಚಂದವ್ವ. ಸುಳ್ಳಂತ ನನಗ ಗೊತ್ತೈತಿ. ಆದ್ರ ಮಂದಿ ಬಾಗಿಲಿಗೆ ಬಂದು ನಗ್ತಾರ," ಎಂದು ಬಾಗಿಲ ಸಂದಿಯಿಂದಲೇ ಬಿಬಿಜಾನ ಅತ್ತಳು. ಸಾಕ್ಷಿ ಹೇಳು ಬಾ ಎಂದು ಕೇಳಲು ಚಂದವ್ವನಿಗೆ ಬಾಯಿ ಬರಲಿಲ್ಲ.

ಕೋರ್ಟಿನಲ್ಲಿ ಗೌಡರು, ಜಯಶ್ರೀ, ದೇವಪ್ಪ ಒಂದೇ ಬೆಂಚಿನಲ್ಲಿ ಕೂತಿದ್ದರು. ಚಂದವ್ವನ ಕಡೆಯ ಬೆಂಚು ಖಾಲಿ. ಗೌಡರ ವಕೀಲರು ನಗುತ್ತ ಎದ್ದರು.

"ಕರಪತ್ರ ಎಲ್ಲಿ ಐತಿ?"

"ಸುಟ್ಟೇನ್ರಿ."

"ನೀವಽ ಸುಟ್ರಿ?"

"ಹೌದ್ರಿ. ದೇವ್ರ ಮುಂದ."

"ನೋಡ್ರಿ ಸಾಹೇಬ್ರ, ಕಾಗದ ಇಲ್ಲ, ಕೇಳಿದವ್ರಿಲ್ಲ. 'ಕೆಟ್ಟ ಮಾತು' ಅಂತ ಅರ್ಜಿಯೊಳಗ ಬರದಾರ. ಯಾವ ಮಾತು?"

ಆ ಮಾತನ್ನು ಅವಳು ತನ್ನ ವಕೀಲ ದೀಪಕನ ಮುಂದೆಯೂ ಆಡಿರಲಿಲ್ಲ. ಮಗನ ವಯಸ್ಸಿನವನು, ನಾಲಿಗೆ ಏಳಲಿಲ್ಲ. ಜಡ್ಜ್ ಕನ್ನಡಕ ತೆಗೆದರು.

"ನೋಡಮ್ಮ, ಅವರು ಏನು ಅಂದರು ಅಂತ ಗೊತ್ತಾಗದೆ, ಅದು ಸುಳ್ಳು ಅಂತ ನಾನು ಹೇಗೆ ಹೇಳಲಿ?"

ಚಂದವ್ವ ಸುಟ್ಟ ಅಂಗೈಯನ್ನು ಕಟಕಟೆಯ ಮೇಲಿಟ್ಟಳು.

"ನನಗ ಓದಾಕ ಬರಂಗಿಲ್ರಿ. ಮೂರು ಸಲ ಕೇಳೇನಿ."

ಯಾರೂ ಮಾತಾಡಿಸದ ಹನ್ನೊಂದು ತಿಂಗಳು, ಒಲೆಯ ಮುಂದೆ, ಹೊಲದ ಬದುವಿನಲ್ಲಿ, ಅವಳ ಸಂಗಡ ಇದ್ದದ್ದು ಆ ಮಾತೊಂದೇ. ಒಂದಕ್ಷರ ಮರೆತಿರಲಿಲ್ಲ.

"ಮತದಾರ ಬಾಂಧವರೇ. ಈ ಚಂದವ್ವ ವಾರಕ್ಕೆರಡು ದಿನ ಇಳಕಲ್ಲಿಗೆ ಹೋಗುವುದು ಕೊಂಡಿ ಹಾಕಲಿಕ್ಕಲ್ಲ, ನಾಸೀರನ ಹಾಸಿಗೆ ಹಾಸಲಿಕ್ಕೆ. ಇದಕ್ಕೆ ಅಡ್ಡ ಬಂದ ಗಂಡನಿಗೆ ಅನ್ನದಲ್ಲಿ ವಿಷ ಇಟ್ಟು ಕೊಂದ ಸೂಳೆ ಇವಳು. ಆ ಕೈಗೆ ಊರನ್ನು ಕೊಡುತ್ತೀರಾ?"

ಚಹಾ ಅಂಗಡಿಯ ಮುಂದೆ ದೇವಪ್ಪ ಎಲ್ಲೆಲ್ಲಿ ರಾಗ ಎಳೆದಿದ್ದನೋ ಅಲ್ಲೆಲ್ಲ ಅವಳೂ ಎಳೆದಳು. ಕಲ್ಲು ಕ್ವಾರಿಯ ಧೂಳು ಕುಡಿದು, ರಕ್ತ ಕಾರಿ ಸತ್ತ ಅಣ್ಣನನ್ನು, ಚಂದವ್ವನ ಗಂಡನನ್ನು, ದವಾಖಾನೆಯಿಂದ ಹೆಗಲ ಮೇಲೆ ಹೊತ್ತು ತಂದವನು ಇದೇ ದೇವಪ್ಪ. ಅವನು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ಗೌಡರ ವಕೀಲರು ನಗುವುದನ್ನು ನಿಲ್ಲಿಸಿದ್ದರು. ಟೈಪು ಮಾಡುತ್ತಿದ್ದ ಹುಡುಗಿಯ ಬೆರಳು 'ಹಾಸಿಗೆ'ಯ ಹತ್ತಿರವೇ ನಿಂತುಬಿಟ್ಟಿತ್ತು.

ಚಂದವ್ವ ಅವಳ ಕಡೆ ತಿರುಗಿದಳು.

"ಯಾಕ ನಿಂತ್ರಿ ಅಕ್ಕಾರ? ಬರಕೋರಿ. ಸಾವಕಾಶ ಹೇಳ್ತೇನಿ."

ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದಳು.

"ಮತದಾರ ಬಾಂಧವರೇ..."